ಸಾಹುಕಾರನ ಮಗನ ಬಡ ಪ್ರವಾಸ

1937ನೆಯ ಇಸವಿಯ ಬೇಸಗೆಯಲ್ಲಿ ಫ್ರಾನ್ಸ್ ದೇಶದ ಸಣ್ಣ ಊರುಗಳ ಅಗ್ಗದ ಹೋಟೆಲುಗಳ ಬಾಗಿಲಿಗೆ ಇಬ್ಬರು ಅಮೆರಿಕನ್ ವಿದ್ಯಾರ್ಥಿಗಳು ಪಾದಚಾರಿಗಳಾಗಿ ಬಂದು ನಿಲ್ಲುತ್ತಿದ್ದರು. ಮುರುಕು ಫ್ರೆಂಚಿನಲ್ಲಿ ಕೊಠಡಿಯ ಬಾಡಿಗೆಯನ್ನು ವಿಚಾರಿಸುತ್ತಿದ್ದರು. ದೂರದಿಂದ ನಡೆದು ಬಂದ ಬಡಪಾಯಿಗಳೆಂದು ಬಗೆದು ಹೋಟೆಲಿನವರು ಹಗುರವಾದ ದರವನ್ನೇ ಹೇಳಿರಬೇಕು. ಆದರೆ ಅವರಲ್ಲಿ ಯಾರಾದರೂ ಬೀದಿಯ ತಿರುವಿನವರೆಗೆ ಹೋಗಿ ಇಣುಕಿದ್ದರೆ, ಮೇಲ್ಛಾವಣಿಯನ್ನು ಮಡಿಸಿಡಬಹುದಾದ ಫೋರ್ಡ್ ಕಾರೊಂದು ಅಲ್ಲಿ ನಿಂತಿರುವುದು ಕಾಣುತ್ತಿತ್ತು. ಹಡಗಿನಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಕಾರು ಅದು! ಕಾರಿನಿಂದ ಇಳಿಯುವ ಅಮೆರಿಕನ್ನರನ್ನು ಕಂಡೊಡನೆ ಕೊಠಡಿಯ ಬಾಡಿಗೆ ತಾನಾಗಿಯೇ ಮೇಲೇರುತ್ತದೆಂಬ ಲೋಕಸತ್ಯವನ್ನು ಕೆಲವೇ ದಿನಗಳಲ್ಲಿ ಕಲಿತ ಹುಡುಗರು, ಅದನ್ನು ಆಚೆಯ ಬೀದಿಯಲ್ಲಿ ಬಿಟ್ಟು ಬರುವ ಪದ್ಧತಿಯನ್ನಿಟ್ಟುಕೊಂಡಿದ್ದರು. ಈ ಯುಕ್ತಿಯನ್ನು ಅವರಲ್ಲೊಬ್ಬನು ತನ್ನ ದಿನಚರಿಯಲ್ಲಿ ಎಳ್ಳಷ್ಟೂ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ.

ದಿನಚರಿ ಬರೆದವನ ಹೆಸರು ಜಾನ್ ಫಿಟ್ಸ್‌ಜೆರಾಲ್ಡ್ ಕೆನೆಡಿ. ಮನೆಯವರಿಗೂ ಗೆಳೆಯರಿಗೂ ಜಾಕ್. ವಯಸ್ಸು ಇಪ್ಪತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮೊದಲನೆಯ ವರ್ಷವನ್ನು ಮುಗಿಸಿ, ಬೇಸಗೆಯ ರಜೆಯಲ್ಲಿ ಯೂರೋಪನ್ನು ನೋಡಲು ಹೊರಟವನು. ಇಪ್ಪತ್ತಮೂರು ವರ್ಷಗಳ ತರುವಾಯ ಅಮೆರಿಕದ ಜನತೆ ಆತನನ್ನು ತನ್ನ ಅಧ್ಯಕ್ಷನನ್ನಾಗಿ ಆರಿಸಿತು. ಅಧ್ಯಕ್ಷರಾದವರಿಗೆ ಬಹುವಚನವು ಸಲ್ಲತಕ್ಕದ್ದೇ; ಆದರೆ ಹೋಟೆಲಿನ ಬಾಡಿಗೆಯಲ್ಲಿ ನಾಲ್ಕು ಕಾಸು ಉಳಿಸಲು ಕಾರನ್ನು ಬಚ್ಚಿಡುವ ಹುಡುಗನಿಗೆ ಅದು ಭಾರವಾದೀತು. ಆದುದರಿಂದ ಈ ಬೇಸಗೆ ಮುಗಿಯುವವರೆಗೆ ಅವನು ಜಾಕನೇ ಆಗಿರಲಿ.

ಇನ್ನೊಬ್ಬನು ಲೆಮಾಯ್ನ್ ಬಿಲಿಂಗ್ಸ್. ಗೆಳೆಯರ ಬಾಯಲ್ಲಿ ಲೆಮ್. ಜಾಕನಿಗಿಂತ ಒಂದು ವರ್ಷ ಹಿರಿಯ, ಕನ್ನಡಕದ ಹುಡುಗ. ಕನೆಕ್ಟಿಕಟ್ ಸಂಸ್ಥಾನದ ಚೋಟ್ ಎಂಬ ವಸತಿ ಶಾಲೆಯಲ್ಲಿ 1933ರ ಸುಮಾರಿಗೆ ಇಬ್ಬರಿಗೂ ಸ್ನೇಹವಾಯಿತು. ಲೆಮ್‌ನ ತಂದೆ ಪಿಟ್ಸ್‌ಬರ್ಗ್ ನಗರದ ವೈದ್ಯರು. 1929ರ ಷೇರು ಪೇಟೆಯ ಕುಸಿತವು ಆ ಮನೆಯ ಸಂಪತ್ತನ್ನು ಕರಗಿಸಿತು; ಕೆಲವೇ ವರ್ಷಗಳಲ್ಲಿ ತಂದೆಯೂ ತೀರಿಕೊಂಡರು. ಹುಡುಗನು ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿವೇತನದ ಆಸರೆಯಿಂದ ಓದುತ್ತಿದ್ದನು. ಜಾಕನ ತಂದೆ ಜೋಸೆಫ್ ಕೆನೆಡಿಯಾದರೋ ಅಮೆರಿಕದ ಆಗರ್ಭ ಶ್ರೀಮಂತರಲ್ಲೊಬ್ಬರು. ಅದೇ ಷೇರು ಪೇಟೆಯಲ್ಲಿ ಹಣ ಮಾಡಿದವರು. ಬಳಿಕ ಆ ಪೇಟೆಯ ಅಂಕೆಗೆಂದು ಸರ್ಕಾರವು 1934ರಲ್ಲಿ ರಚಿಸಿದ ಆಯೋಗಕ್ಕೆ ಮೊದಲ ಅಧ್ಯಕ್ಷರಾದವರು. ಒಂದೇ ಕುಸಿತವು ಒಂದು ಮನೆಯನ್ನು ಮುಳುಗಿಸಿತು, ಇನ್ನೊಂದನ್ನು ಮುಟ್ಟದೆ ಬಿಟ್ಟಿತು. ಆ ಎರಡು ಮನೆಗಳ ಮಕ್ಕಳು ಒಂದೇ ಕಾರಿನಲ್ಲಿ ಕುಳಿತು ಯೂರೋಪನ್ನು ಸುತ್ತಿದರೆಂಬುದರಲ್ಲಿಯೇ ಈ ಪ್ರವಾಸದ ಸೊಗಸಿದೆ.

ಸಿರಿವಂತನೂ ಬಡವನೂ ಕೂಡಿ ಯಾತ್ರೆ ಹೊರಟರೆ ಏನಾಗುತ್ತದೆಂಬುದನ್ನು ನಮ್ಮ ಸಂಸಾರಗಳವರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಸಿರಿವಂತನು ಖರ್ಚನ್ನೆಲ್ಲ ತಾನೇ ವಹಿಸಿದರೆ ಬಡವನು ಹಂಗಿನ ಅನ್ನವನ್ನುಣ್ಣಬೇಕು. ಅವರವರ ಖರ್ಚು ಅವರವರದೆಂದರೆ ಒಬ್ಬನು ಅರಮನೆಯಲ್ಲಿ, ಇನ್ನೊಬ್ಬನು ಧರ್ಮಶಾಲೆಯಲ್ಲಿ ಮಲಗಬೇಕು. ಜಾಕನು ಹಿಡಿದದ್ದು ಮೂರನೆಯ ದಾರಿ. ಲೆಮ್‌ನ ಕೈಚೀಲಕ್ಕೆ ನಿಲುಕುವ ಹೋಟೆಲು ಯಾವುದೋ ಅದೇ ತನಗೂ ಹೋಟೆಲು; ಲೆಮ್‌ಗೆ ದಕ್ಕುವ ಊಟವೇ ತನಗೂ ಊಟ. ಒಂದು ರಾತ್ರಿಗೆ ನಲವತ್ತು ಸೆಂಟಿನ ಕೊಠಡಿಗಳಲ್ಲಿ ಮಲಗಿದ್ದುಂಟು. ಅಂದಿನ ವಿನಿಮಯ ದರದಲ್ಲಿ ಅದು ನಮ್ಮ ಒಂದು ರೂಪಾಯಿಯ ಆಸುಪಾಸು. ಮನೆಯಲ್ಲಿ ಆಳುಕಾಳುಗಳ ನಡುವೆ ಬೆಳೆದ ಹುಡುಗ, ಅದರಲ್ಲಿಯೂ ಚಿಕ್ಕಂದಿನಿಂದ ಒಂದಲ್ಲ ಒಂದು ಕಾಯಿಲೆಯಿಂದ ಆಸ್ಪತ್ರೆಯ ಮಂಚ ಕಂಡವನು, ಆ ಹಾಸಿಗೆಗಳಲ್ಲಿ ಹೇಗೆ ನಿದ್ರಿಸಿದನೋ!

ಬೆಳ್ಳುಳ್ಳಿಯ ಫ್ರೆಂಚು

ಜುಲೈ ಒಂದನೆಯ ತಾರೀಖು ನ್ಯೂಯಾರ್ಕಿನಲ್ಲಿ ‘ವಾಷಿಂಗ್ಟನ್’ ಎಂಬ ಹಡಗನ್ನೇರಿದ ಮಿತ್ರರು ಒಂದು ವಾರದಲ್ಲಿ ಫ್ರಾನ್ಸಿನ ಲ ಹಾವ್ರ್ ಬಂದರಿನಲ್ಲಿಳಿದರು. ಕಾರನ್ನೂ ಇಳಿಸಿಕೊಂಡರು. ಸಾಗರಯಾನದ ವಿಷಯವಾಗಿ ಜಾಕನು ಹೆಚ್ಚು ಬರೆದಿಲ್ಲ: ಸಮುದ್ರವು ಶಾಂತವಾಗಿತ್ತು, ಮೊದಲ ಎರಡು ದಿನ ಬೇಸರವೆನಿಸಿತು, ಶೋಧಿಸಿ ನೋಡಲಾಗಿ ಹಡಗಿನಲ್ಲಿ ಕೆಲವು ಹುಡುಗಿಯರಿರುವುದು ಗೊತ್ತಾಯಿತು. ಇಪ್ಪತ್ತರ ಹರೆಯದ ಪ್ರವಾಸ ಸಾಹಿತ್ಯವು ಪ್ರಾಯಃ ಎಲ್ಲ ದೇಶಗಳಲ್ಲಿಯೂ ಹೀಗೆಯೇ ಆರಂಭವಾಗುತ್ತದೆ.

ರುಆಂ, ಬೋವೆ, ರ‍್ಯಾನ್ಸ್ ಮೊದಲಾದ ಊರುಗಳ ಚರ್ಚುಗಳನ್ನು ನೋಡುತ್ತ ಅವರು ಪ್ಯಾರಿಸಿನತ್ತ ಸಾಗಿದರು. ಲೆಮ್ ಓದುತ್ತಿದ್ದುದು ಕಲೆ ಮತ್ತು ವಾಸ್ತುಶಿಲ್ಪವನ್ನು. ಗೋಪುರ, ಕಮಾನು, ಬಣ್ಣದ ಗಾಜಿನ ಕಿಟಕಿ ಕಂಡರೆ ಅವನು ಕದಲುವವನಲ್ಲ. ಜಾಕನಿಗೆ ಕಲ್ಲಿಗಿಂತ ಮನುಷ್ಯರಲ್ಲಿ ಆಸಕ್ತಿ. ದಾರಿಯಲ್ಲಿ ಕೈ ತೋರಿದವರನ್ನೆಲ್ಲ ಕಾರಿಗೆ ಹತ್ತಿಸಿಕೊಳ್ಳುವುದು, ಹತ್ತಿಸಿಕೊಂಡವರನ್ನು ಪ್ರಶ್ನೆಗಳಿಂದ ಹಿಂಡುವುದು ಅವನ ಪದ್ಧತಿಯಾಯಿತು. ಯುದ್ಧ ಬರುತ್ತದೆಯೇ? ನಿಮ್ಮ ಸರ್ಕಾರ ಹೇಗಿದೆ? ಹಿಟ್ಲರನಿಗೆ ನೀವು ಹೆದರುವಿರಾ? ಹೀಗೆ ಪ್ರಶ್ನೆಗಳ ಮಳೆ. ಪುಕ್ಕಟೆ ಸವಾರಿಗೆ ಇಷ್ಟಾದರೂ ಬೆಲೆ ತೆರಬೇಡವೇ?

ಭಾಷೆಯ ಕಷ್ಟ ಇದ್ದೇ ಇತ್ತು. ದಿನಚರಿಯಲ್ಲೊಂದು ಕಡೆ ಜಾಕನು, ತನ್ನ ಫ್ರೆಂಚು ಅಷ್ಟಿಷ್ಟು ಸುಧಾರಿಸುತ್ತಿದೆಯೆಂದೂ ಬಿಲಿಂಗ್ಸನ ಉಸಿರು ಮಾತ್ರ ಪೂರ್ತಿ ಫ್ರೆಂಚಾಗುತ್ತಿದೆಯೆಂದೂ ವರದಿ ಮಾಡುತ್ತಾನೆ. ಫ್ರಾನ್ಸಿನ ಅಡುಗೆಯಲ್ಲಿ ಬೆಳ್ಳುಳ್ಳಿಯ ಬಳಕೆ ಎಷ್ಟೆಂಬುದನ್ನು ಬಲ್ಲವರಿಗೆ ಇದರ ಟೀಕೆ ಬೇಡ. ದಿನಚರಿಯುದ್ದಕ್ಕೂ ಬಡ ಲೆಮ್‌ಗೆ ಇಂತಹ ಪೆಟ್ಟುಗಳು ಬೀಳುತ್ತಲೇ ಇರುತ್ತವೆ. ಪವಾಡಗಳಿಗೆ ಹೆಸರಾದ ಲೂರ್ದ್ ಕ್ಷೇತ್ರಕ್ಕೆ ಹೋದದ್ದು ಅವುಗಳಲ್ಲೊಂದು. ರೋಗಿಗಳು ಅಲ್ಲಿಗೆ ಬಂದು ಗುಣವಾಗಿ ಹಿಂದಿರುಗುತ್ತಾರೆಂಬುದು ಭಕ್ತರ ನಂಬಿಕೆ. ಲೆಮ್ ಆರೋಗ್ಯವಂತನಾಗಿ ಹೋಗಿ ಸುಡುವ ಜ್ವರದೊಡನೆ ಹಿಂದಿರುಗಿದನು! ಇಲ್ಲಿ ಕ್ರಮವೇಕೋ ತಿರುವುಮುರುವಾದಂತಿದೆ ಎಂಬುದು ಜಾಕನ ಷರಾ. ಕ್ಯಾಥೊಲಿಕ್ ಮನೆತನದಲ್ಲಿ ಹುಟ್ಟಿದವನೇ ಹೀಗೆಂದನೆಂಬುದು ಮೋಜು.

ಮಾಂಟೆ ಕಾರ್ಲೋದ ಜೂಜಿನ ಮಂದಿರದಲ್ಲಿ ಮಿತ್ರರು ಅತ್ಯಂತ ಅಗ್ಗದ ಬಿಲ್ಲೆಗಳನ್ನು ಕೊಂಡು ಆಡಿ, ಒಂದು ಡಾಲರಿಗಿಂತ ತುಸು ಹೆಚ್ಚು ಗೆದ್ದರು. ಪಕ್ಕದಲ್ಲಿ ದೊಡ್ಡ ಬಿಲ್ಲೆಗಳನ್ನಿಟ್ಟು ನೂರಾರು ಡಾಲರು ಕಳೆದುಕೊಳ್ಳುತ್ತಿದ್ದ ಮಹಿಳೆಯೊಬ್ಬಳು ಇವರ ಗೆಲುವನ್ನು ಕಂಡು ಕಸಿವಿಸಿಗೊಂಡಳಂತೆ.

ಗಡಿಯೂರಿನ ಕಥೆಗಳು

ನಗುವಿನ ಈ ಹೊಳೆಯ ನಡುವೆ ಒಂದು ಕಡೆ ಮಡುವಿದೆ. ಫ್ರಾನ್ಸಿನ ನೈಋತ್ಯ ಮೂಲೆಯಲ್ಲಿ, ಸ್ಪೇನಿನ ಗಡಿಯ ಬಳಿ, ಸೇಂಟ್ ಜಾನ್ ದ ಲೂಜ್ ಎಂಬ ಕಡಲತೀರದ ಊರಿದೆ. 1936ರ ಜುಲೈನಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧವು ಹೊತ್ತಿಕೊಂಡಿತ್ತು: ಒಂದು ಕಡೆ ಜನರು ಚುನಾಯಿಸಿದ ಗಣರಾಜ್ಯ ಸರ್ಕಾರ, ಇನ್ನೊಂದು ಕಡೆ ಸೇನಾಪತಿ ಫ್ರಾಂಕೋನ ದಂಗೆ. ಹಿಟ್ಲರ್ ಮತ್ತು ಮುಸೊಲಿನಿ ಫ್ರಾಂಕೋನ ಬೆನ್ನಿಗಿದ್ದರು. ರಷ್ಯವು ಗಣರಾಜ್ಯದ ಬೆನ್ನಿಗಿತ್ತು. 1937ರ ಏಪ್ರಿಲ್ 26ರಂದು ಜರ್ಮನ್ ವಿಮಾನಗಳು ಗೆರ್ನಿಕಾ ಎಂಬ ಊರನ್ನು ಬಾಂಬು ಹಾಕಿ ಸುಟ್ಟಿದ್ದವು. ಪಿಕಾಸೊ ಅದನ್ನು ಕುರಿತು ಬರೆದ ಬೃಹತ್ ಚಿತ್ರವು ಆ ಬೇಸಗೆಯಲ್ಲಿಯೇ ಪ್ಯಾರಿಸಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಜನರ ಮುಂದೆ ಬಂದಿತು. ಆ ಪ್ರದರ್ಶನದಲ್ಲಿ ಜರ್ಮನಿಯ ಮಂಟಪವೂ ರಷ್ಯದ ಮಂಟಪವೂ ಎದುರುಬದುರಾಗಿ, ಜಟ್ಟಿಗಳಿಬ್ಬರು ತೊಡೆ ತಟ್ಟಿ ನಿಂತಂತೆ, ನಿಂತಿದ್ದವು.

ಸ್ಪೇನಿನೊಳಕ್ಕೆ ಹೋಗಿ ಕಣ್ಣಾರೆ ನೋಡಬೇಕೆಂಬುದು ಜಾಕನ ಆಸೆ. ಗಡಿಯಲ್ಲಿ ಬಿಡಲಿಲ್ಲ. ಹೀಗಾಗಿ ಗಡಿಯಾಚೆಯಿಂದ ಓಡಿ ಬಂದವರ ಬಾಯಿಂದ ಕೇಳಬೇಕಾಯಿತು. ಆ ಊರಿನಲ್ಲಿ ತಂಗಿದ್ದವರು ಬಹುಮಟ್ಟಿಗೆ ಗಣರಾಜ್ಯ ಸರ್ಕಾರದವರ ಕೈಯಿಂದ ನೊಂದವರು, ಫ್ರಾಂಕೋ ಗೆಲ್ಲಲೆಂದು ಹಾರೈಸುತ್ತಿದ್ದವರು. ಅವರು ಹೇಳಿದ ಸೆರೆಮನೆಯ ಕ್ರೌರ್ಯದ ಕಥೆಗಳನ್ನು ಇಲ್ಲಿ ಬರೆಯುವಂತಿಲ್ಲ; ಮಕ್ಕಳೂ ಓದುವ ಪತ್ರಿಕೆಯಿದು. ಜಾಕನು ಅವುಗಳನ್ನು ಕೇಳಿ ಬರೆದುಕೊಂಡನು. ಮರುದಿನಗಳಲ್ಲಿಯೇ ಹತ್ತಿರದ ಬಿಯಾರಿಟ್ಸಿನಲ್ಲಿ ಗೂಳಿ ಕಾಳಗ ನೋಡಲು ಹೋದರು. ಗೂಳಿಯು ಕುದುರೆಯನ್ನು ತಿವಿಯುವುದನ್ನೂ ಜನ ಹಿಗ್ಗಿ ಕೂಗುವುದನ್ನೂ ಕಂಡು ಹುಡುಗನಿಗೆ ಹೇಸಿಗೆಯಾಯಿತು. ಇಂತಹ ನೋಟದಲ್ಲಿ ಸುಖಿಸುವ ಜನ ಯಾವ ಕ್ರೌರ್ಯಕ್ಕೂ ಹೇಸರು, ಕೇಳಿದ ಕಥೆಗಳೆಲ್ಲ ನಿಜವೇ ಇರಬೇಕು ಎಂದು ಬರೆದನು. ಒಂದು ಮಧ್ಯಾಹ್ನದ ಆಟವನ್ನು ನೋಡಿ ಎರಡು ದೇಶಗಳ ಸ್ವಭಾವವನ್ನೇ ನಿರ್ಧರಿಸಿದ ತೀರ್ಪು ಅದು! ಪ್ರವಾಸಿಗಳು ಇಂತಹ ತೀರ್ಪುಗಳನ್ನು ದಿನವೂ ಕೊಡುತ್ತಾರೆ. ನಮ್ಮ ದೇಶವನ್ನು ಮೂರು ವಾರ ಸುತ್ತಿ ಮುನ್ನೂರು ಪುಟ ಬರೆದವರೇನು ಕಡಮೆಯೇ?

ಆದರೆ ಈ ಹುಡುಗನು ಅಲ್ಲಿಗೆ ನಿಲ್ಲಲಿಲ್ಲವೆಂಬುದೇ ವಿಶೇಷ. ಕೆಲವೇ ದಿನಗಳಲ್ಲಿ ಅವನ ದಿನಚರಿಯಲ್ಲಿ ಬೇರೊಂದು ದನಿ ಕೇಳಿಬರುತ್ತದೆ. ತಾನು ಕೇಳಿದ್ದು ಒಂದೇ ಪಕ್ಷದವರ ಮಾತು. ಏನನ್ನೂ ತಿಳಿಯದವನು ಸುತ್ತಲಿನವರ ಬಣ್ಣವನ್ನೇ ಹೀರಿಕೊಳ್ಳುತ್ತಾನೆ. ಮನುಷ್ಯನಿಗೆ ಯಾವುದು ಬೇಕೋ ಅದನ್ನೇ ನಂಬುವುದು ಎಷ್ಟು ಸುಲಭ! ಈ ಅರ್ಥದ ಮಾತುಗಳನ್ನು ಆ ಊರಿನವರನ್ನು ಕುರಿತು ಮಾತ್ರವಲ್ಲ, ತನ್ನನ್ನು ಕುರಿತೂ ಬರೆದುಕೊಂಡಿದ್ದಾನೆ. ಇಪ್ಪತ್ತು ವರ್ಷದವನು ತನ್ನ ಅಭಿಪ್ರಾಯವು ತನ್ನದಲ್ಲವೆಂದು ಕಂಡುಕೊಳ್ಳುವುದು ಅಪರೂಪ. ಅಂತಹ ಅರಿವು ಅರವತ್ತಾದರೂ ಬಾರದವರುಂಟು.

ಈ ಅರಿವು ಸದಾ ಕಾಲ ಅವನ ಕೈಹಿಡಿಯಿತೆಂದಲ್ಲ. ಆ ವೇಳೆಗೆ ಜಾನ್ ಗಂಥರ್ ಎಂಬ ಪತ್ರಕರ್ತನು ಯೂರೋಪಿನ ರಾಜಕೀಯವನ್ನು ಕುರಿತು 1936ರಲ್ಲಿ ಪ್ರಕಟಿಸಿದ್ದ ಪ್ರಸಿದ್ಧ ಗ್ರಂಥವನ್ನು ಜಾಕನು ಓದುತ್ತಿದ್ದನು. ದೇಶ ಸುತ್ತು, ಕೋಶ ಓದು ಎಂಬ ನಮ್ಮ ಗಾದೆಯ ಎರಡು ಕೆಲಸಗಳನ್ನೂ ಒಟ್ಟಿಗೇ ಮಾಡುತ್ತಿದ್ದನೆನ್ನಬಹುದು. ಓದಿ ಮುಗಿಸಿದ ದಿನ ಒಂದು ನಿರ್ಣಯಕ್ಕೆ ಬಂದನು: ಜರ್ಮನಿ, ಇಟಲಿಗಳಿಗೆ ಫ್ಯಾಸಿಸಮ್ಮು, ರಷ್ಯಕ್ಕೆ ಕಮ್ಯೂನಿಸಮ್ಮು, ಅಮೆರಿಕ ಇಂಗ್ಲೆಂಡುಗಳಿಗೆ ಪ್ರಜಾಪ್ರಭುತ್ವ. ಯಾರ ಮೈಗೆ ಯಾವ ಅಂಗಿ ಎಂದು ದರ್ಜಿ ಅಳೆದು ಕೊಟ್ಟಂತೆ! ಅಂಗಿಯ ಒಳಗೆ ಸಿಕ್ಕಿ ಉಸಿರುಗಟ್ಟುತ್ತಿದ್ದವರನ್ನು ಅವನು ಕೇಳಿರಲಿಲ್ಲ. ಆ ಜುಲೈ ತಿಂಗಳಿನಲ್ಲಿಯೇ ಜರ್ಮನಿಯ ವೈಮಾರ್ ನಗರದ ಬಳಿ ಬುಖೆನ್‌ವಾಲ್ಡ್ ಬಂಧನ ಶಿಬಿರವು ತೆರೆದಿತ್ತು. ನಮ್ಮ ಪ್ರವಾಸಿಗಳ ಕಾರು ಆ ದಾರಿಯಲ್ಲಿ ಹೋಗಲಿಲ್ಲ.

ಕಾರು ಇಟಲಿಯನ್ನು ಹೊಕ್ಕಿತು. ಬೀದಿಗಳು ಫ್ರಾನ್ಸಿನವಕ್ಕಿಂತ ಗೆಲುವಾಗಿ ತೋರಿದವು. ಗೋಡೆಗೋಡೆಯ ಮೇಲೂ ಮುಸೊಲಿನಿಯ ಪಟ. ಫ್ಯಾಸಿಸಮ್ಮು ಈ ಜನರಿಗೆ ಒಗ್ಗಿದಂತಿದೆ ಎಂದುಕೊಂಡನು. ಹಾಗೆಂದ ಕೈಯಿಂದಲೇ, ಹಣವಿಲ್ಲದೆ ಈ ಮನುಷ್ಯನು ಎಷ್ಟು ದಿನ ನಿಂತಾನು, ಬೊಕ್ಕಸವು ಬರಿದಾದ ದಿನ ಯುದ್ಧಕ್ಕೆ ಹೊರಡುವನೋ ಏನೋ ಎಂದೂ ಕೇಳಿಕೊಂಡನು. ತೀರ್ಪಿಗಿಂತ ಪ್ರಶ್ನೆಯಲ್ಲಿ ಈ ಹುಡುಗನ ಬುದ್ಧಿಯು ಹರಿತವಾಗಿತ್ತು.

ರೋಮಿನಲ್ಲಿ ಕಾರ್ಡಿನಲ್ ಪಚೆಲ್ಲಿಯವರ ಭೇಟಿ ದೊರೆಯಿತು. ಅವರು ಹಿಂದಿನ ವರ್ಷ ಅಮೆರಿಕದಲ್ಲಿ ಪ್ರವಾಸ ಮಾಡಿದಾಗ ಕೆನೆಡಿ ಕುಟುಂಬದವರಿಗೆ ಪರಿಚಿತರಾಗಿದ್ದರು. ಹುಡುಗನ ತಂದೆತಾಯಿಗಳ ಕ್ಷೇಮಸಮಾಚಾರವನ್ನು ಕೇಳಿದರು. ಎರಡು ವರ್ಷಗಳೊಳಗೆ ಅವರೇ ಹನ್ನೆರಡನೆಯ ಪಯಸ್ ಎಂಬ ಹೆಸರಿನಿಂದ ಪೋಪರ ಪೀಠವನ್ನೇರಿದರು. ಹಗಲು ಇಂತಹ ಮಹನೀಯರ ಸನ್ನಿಧಿ, ರಾತ್ರಿ ತಗಣೆಗೆ ಅಂಜಬೇಕಾದಂಥ ಅಗ್ಗದ ಹಾಸಿಗೆ! ಹಗಲಿನ ಭಾಗ್ಯವು ತಂದೆಯ ಹೆಸರಿನಿಂದ ಬಂದದ್ದು, ರಾತ್ರಿಯದು ಗೆಳೆಯನ ಬಡತನದಿಂದ. ಊರು ಬಿಡುವಾಗ ಸಾಮಾನು ಹೊರುವವರ ಬೈಗುಳ ತಪ್ಪಿದ್ದಲ್ಲ. ಅದು ವಾಡಿಕೆಯ ಸಂಗತಿಯೆಂಬಂತೆ ದಿನಚರಿಯಲ್ಲಿ ನಮೂದಾಗಿದೆ. ಇನಾಮಿನ ವಿಷಯದಲ್ಲಿ ಮಿತ್ರರ ಕೈ ಎಷ್ಟು ಬಿಗಿಯಾಗಿತ್ತೆಂಬುದನ್ನು ಇದರಿಂದಲೇ ಊಹಿಸಬಹುದು.

ವೆನಿಸ್ ನಗರದಲ್ಲಿ ಜಾಕನು ಹುಡುಗಿಯೊಬ್ಬಳ ಜೊತೆಗೆ ಗೊಂಡೊಲ ದೋಣಿಯಲ್ಲಿ ವಿಹರಿಸಿದನು. ಅದು ಪರಮ ರಮ್ಯವಾದ ಪ್ರಸಂಗವಾಗಬಹುದಾಗಿತ್ತು. ಆದರೆ ಬಿಲಿಂಗ್ಸ್ ಮಹಾಶಯನು ಎಂದಿನಂತೆ ಮೂರನೆಯವನಾಗಿ ಬಂದು ಕುಳಿತನು ಎಂಬ ದೂರು ದಿನಚರಿಯಲ್ಲಿದೆ. ಅದರ ಬೆನ್ನಿಗೇ, ಈ ಅನ್ಯಾಯದ ಆಪಾದನೆಗೆ ಬಿಲಿಂಗ್ಸನ ಆಕ್ಷೇಪಣೆಯಿದೆ ಎಂಬ ಸಾಲೂ ಇದೆ. ಒಬ್ಬನು ಬರೆಯುತ್ತಿದ್ದಾಗ ಇನ್ನೊಬ್ಬನು ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಎಂಟು ಡಾಲರಿನ ನಾಯಿ

ಬ್ರೆನ್ನರ್ ಕಣಿವೆಯ ಮಾರ್ಗವಾಗಿ ಆಲ್ಪ್ಸ್ ಪರ್ವತಗಳನ್ನು ದಾಟಿ, ಆಸ್ಟ್ರಿಯದ ಇನ್ಸ್‌ಬ್ರುಕ್ಕನ್ನು ಹಾದು, ಆಗಸ್ಟ್ ತಿಂಗಳ ನಡುವಿನಲ್ಲಿ ಅವರು ಮ್ಯೂನಿಕ್ ತಲುಪಿದರು. ಹಿಟ್ಲರನ ಪಕ್ಷವು ಹುಟ್ಟಿದ ಊರು. ಅವನಿಗೆ ಇಲ್ಲಿರುವ ಜನಪ್ರಿಯತೆಯು ಇಟಲಿಯಲ್ಲಿ ಮುಸೊಲಿನಿಗಿದ್ದಂತೆಯೇ ಇದೆ, ಆದರೆ ಪ್ರಚಾರವೇ ಅವನ ಬಹುದೊಡ್ಡ ಆಯುಧವಿದ್ದಂತಿದೆ ಎಂದು ಜಾಕನು ಗುರುತಿಸಿದನು. ಸ್ಪೇನಿನ ಗಡಿಯಲ್ಲಿ ಕಲಿತ ಪಾಠವು ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬಂದಿತು. ಹೆದ್ದಾರಿಗಳನ್ನು ಕಂಡು ಬೆರಗಾದನು. ಜಗತ್ತಿನಲ್ಲಿ ಇಷ್ಟು ಒಳ್ಳೆಯ ರಸ್ತೆಗಳಿಲ್ಲವೆಂದು ಹೊಗಳಿದನು. ಆದರೆ ರಸ್ತೆಯ ಮೇಲೆ ಓಡುವ ಗಾಡಿಗಳು ತೀರ ಕಡಮೆಯಿರುವಾಗ ಇಷ್ಟು ದೊಡ್ಡ ರಸ್ತೆ ಈ ದೇಶಕ್ಕೆ ಬೇಕಾಗಿರಲಿಲ್ಲವೆಂದೂ ಅನ್ನಿಸಿತು.

ಎದುರಾದವರು ಕೈ ಚಾಚಿ ‘ಹೈಲ್ ಹಿಟ್ಲರ್’ ಎಂದರೆ ಈ ತುಂಟರು ಕೈಯನ್ನು ಸಡಿಲವಾಗಿ ಆಡಿಸಿ, ಅಮೆರಿಕದ ಹುಡುಗರು ಬೀದಿಯಲ್ಲಿ ಒಬ್ಬರನ್ನೊಬ್ಬರು ಕೂಗುವ ಧಾಟಿಯಲ್ಲಿ, ‘ಹಾಯ್ ಯಾ, ಹಿಟ್ಲರ್!’ ಎನ್ನುತ್ತಿದ್ದರೆಂದು ಲೆಮ್ ಮುಂದೆ ನೆನೆಸಿಕೊಂಡನು. ಅಮೆರಿಕದ ಪಾಸ್‌ಪೋರ್ಟು ಜೇಬಿನಲ್ಲಿದ್ದವರಿಗೆ ಮಾತ್ರ ಸಾಧ್ಯವಿದ್ದ ವಿನೋದವದು. ಆ ಊರಿನ ಹುಡುಗನೊಬ್ಬನು ಹೀಗೆ ನಕ್ಕಿದ್ದರೆ ಅವನ ಗತಿ ಬೇರೆ. ಇವರಿಗೂ ಸ್ವಲ್ಪ ಪ್ರಸಾದ ಸಿಕ್ಕದಿರಲಿಲ್ಲ. ನ್ಯೂರೆಂಬರ್ಗಿನಿಂದ ಹೊರಡುವಾಗ, ಎಂದಿನ ಉಪಚಾರಗಳ ಜೊತೆಗೆ ಈ ಸಲ ಉಗುಳಿಸಿಕೊಂಡದ್ದು ಹೆಚ್ಚಿನ ಆಕರ್ಷಣೆಯಾಗಿತ್ತೆಂದು ಜಾಕನು ಬರೆದಿದ್ದಾನೆ. ಬೇರೊಬ್ಬನಾಗಿದ್ದರೆ ಅದನ್ನೇ ಒಂದು ಪುಟ ಬರೆದು ಕನಲುತ್ತಿದ್ದನು. ಇವನದು ಒಂದೇ ಸಾಲು.

ಅದೇ ನ್ಯೂರೆಂಬರ್ಗಿನಲ್ಲಿ ನಾಯಿಮರಿಯೊಂದು ಕಾರಿನ ಪರಿವಾರಕ್ಕೆ ಸೇರಿತು. ಉದ್ದ ಮೈಯ, ಗಿಡ್ಡ ಕಾಲಿನ, ಜೋಲುಗಿವಿಯ ಡ್ಯಾಷ್‌ಹುಂಡ್ ಜಾತಿಯ ಮರಿ. ಬೆಲೆ ಎಂಟು ಡಾಲರು, ಎಂದರೆ ಮಿತ್ರರ ಲೆಕ್ಕದಲ್ಲಿ ಇಪ್ಪತ್ತು ರಾತ್ರಿಗಳ ಕೊಠಡಿಯ ಬಾಡಿಗೆ! ಊರಿನಲ್ಲಿದ್ದ ಗೆಳತಿಯೊಬ್ಬಳಿಗೆ ಕಾಣಿಕೆಯಾಗಿ ಒಯ್ಯುವ ಉದ್ದೇಶ. ಪ್ಯಾರಿಸಿನ ಅಮೆರಿಕನ್ ರಾಯಭಾರಿಯ ಕಾರ್ಯದರ್ಶಿಯ ಹೆಸರು ಆಫಿ. ನಾಯಿಗೆ ಅದನ್ನೇ ಇಟ್ಟರು. ಆ ಅಧಿಕಾರಿಗೆ ಇದು ತಿಳಿದಿದ್ದರೆ ಏನೆನ್ನುತ್ತಿದ್ದನೋ! ಮುಂದೆ ಹೆಸರು ಡಂಕರ್ ಎಂದು ಬದಲಾಯಿತು. ಎರಡು ಹೆಸರಿನ ಈ ನಾಯಿಯು ಕಾರನ್ನೇರಿದ ಗಳಿಗೆಯಿಂದ ಜಾಕನಿಗೆ ಸೀನು ಹಿಡಿಯಿತು. ಸೀನು ಕೆಮ್ಮಾಯಿತು, ಕೆಮ್ಮು ಉಬ್ಬಸವಾಯಿತು. ನಾಯಿಯ ಕೂದಲು ಅವನ ಮೈಗೆ ಒಗ್ಗದೆಂಬುದು ಆಗ ಗೊತ್ತಾದ ಸಂಗತಿ. ನಾಯಿ ಅಮೆರಿಕವನ್ನು ಕಾಣುವುದು ಎಂಟಕ್ಕೊಂದರ ಪಣದ ಮಾತೆಂದು ಜಾಕನು ದಿನಚರಿಯಲ್ಲಿ ಲೆಕ್ಕ ಹಾಕಿದನು.

ಸೀನುತ್ತಲೇ ಫ್ರಾಂಕ್‌ಫರ್ಟ್, ಕೊಲೋನ್ ದಾಟಿ ಹಾಲೆಂಡಿಗೆ ಬಂದರು. ಹೇಗ್ ನಗರದಲ್ಲಿ ತೆಗೆದ ಒಂದು ಭಾವಚಿತ್ರದಲ್ಲಿ ಜಾಕನು ನಾಯಿಮರಿಯನ್ನು ಹಿಡಿದು ನಗುತ್ತಿದ್ದಾನೆ. ಇಂಗ್ಲೆಂಡಿಗೆ ಪರದೇಶದ ನಾಯಿಯನ್ನು ಒಯ್ದರೆ ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕಬೇಕೆಂಬ ಕಟ್ಟುನಿಟ್ಟಾದ ಕಾಯಿದೆ ಆಗ ಇತ್ತು. ಉಬ್ಬಸವೂ ಕಾಯಿದೆಯೂ ಕೂಡಿ ಪಣವನ್ನು ತೀರ್ಮಾನಿಸಿದವು. ಕಡಲುಗಾಲುವೆಯನ್ನು ದಾಟುವ ಮೊದಲೇ ಡಂಕರನನ್ನು ಬಿಟ್ಟುಕೊಡಬೇಕಾಯಿತು.

ನಾಯಿ ಹೋದರೂ ಪೀಡೆ ಹೋಗಲಿಲ್ಲ. ಲಂಡನ್ನಿನಲ್ಲಿ ಜಾಕನ ಮುಖವು ಊದಿಕೊಂಡು ಮೈತುಂಬ ದದ್ದುಗಳೆದ್ದವು. ಒಬ್ಬರ ಮೇಲೊಬ್ಬರು ವೈದ್ಯರು ಬಂದು ನೋಡಿದರು. ಕಾರಣ ಮಾತ್ರ ಯಾರಿಗೂ ಹೊಳೆಯಲಿಲ್ಲ. ಪರಸ್ಥಳದಲ್ಲಿ ಗೆಳೆಯನ ಹಾಸಿಗೆಯ ಪಕ್ಕದಲ್ಲಿ ಕುಳಿತ ಲೆಮ್‌ಗೆ ಆ ದಿನಗಳು ಪ್ರವಾಸದ ಅತಿ ಭಯದ ದಿನಗಳಾಗಿದ್ದವು. ದದ್ದು ಬಂದಂತೆಯೇ ಹೋಯಿತು. ಸೆಪ್ಟೆಂಬರಿನಲ್ಲಿ ಇಬ್ಬರೂ ಅಮೆರಿಕಕ್ಕೆ ಹಿಂದಿರುಗಿದರು.

ಒಂದು ಸಂಗತಿಯನ್ನು ಲೆಮ್ ಕಡೆಯವರೆಗೂ ಹಳಹಳಿಸಿದನು. ನ್ಯೂರೆಂಬರ್ಗಿನಲ್ಲಿ ನಾಜಿ ಪಕ್ಷದ ಮಹಾಸಮ್ಮೇಳನವು ಸೆಪ್ಟೆಂಬರ್ ಮೊದಲ ಭಾಗದಲ್ಲಿ ನಡೆಯಿತು. ಇನ್ನಷ್ಟು ದಿನ ನಿಂತಿದ್ದರೆ ಹಿಟ್ಲರನನ್ನು ಕಣ್ಣಾರೆ ಕಾಣಬಹುದಾಗಿತ್ತು. ನಿಲ್ಲಲಿಲ್ಲ. ನಾಯಿಯನ್ನು ಕೊಂಡು ಹೊರಟುಬಿಟ್ಟರು!

ಆ ಬೇಸಗೆಯ ನಂತರ

ಪ್ರಶ್ನೆ ಕೇಳುತ್ತ ಸುತ್ತಿದವನಿಗೆ ಸಿಕ್ಕಿದ ಉತ್ತರಗಳಾದರೂ ಏನು? ಫ್ರಾನ್ಸಿನವರು, ಯುದ್ಧವು ಸದ್ಯಕ್ಕೆ ಬಾರದು, ಬಂದರೂ ನಮ್ಮ ಸಿದ್ಧತೆಯ ಮುಂದೆ ಜರ್ಮನಿ ನಿಲ್ಲಲಾರದು ಎಂದಿದ್ದರು. ರೋಮಿನಲ್ಲಿದ್ದ ಅನುಭವಿ ಪತ್ರಕರ್ತನೊಬ್ಬನು, ಯುದ್ಧ ಮಾಡಲೇಬೇಕೆಂದಿದ್ದವರಿಗೆ ನೆಪಗಳು ಈಗಾಗಲೇ ಬೇಕಾದಷ್ಟು ಸಿಕ್ಕಿದ್ದವು, ಮಾಡಲಿಲ್ಲವಾದ್ದರಿಂದ ಇನ್ನು ಮಾಡಲಾರರು ಎಂದಿದ್ದನು. 1939ರ ಸೆಪ್ಟೆಂಬರ್ ಒಂದರಂದು ಜರ್ಮನಿಯ ಸೈನ್ಯವು ಪೋಲೆಂಡಿಗೆ ನುಗ್ಗಿತು. 1940ರ ಜೂನ್ ಕಳೆಯುವಷ್ಟರಲ್ಲಿ ಫ್ರಾನ್ಸ್ ಶರಣಾಗತವಾಗಿತ್ತು.

ಅಷ್ಟರಲ್ಲಿ ಜಾಕನ ತಂದೆ 1938ರಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿ ನೇಮಕಗೊಂಡಿದ್ದರು. ಹಿಟ್ಲರನೊಡನೆ ಹೇಗಾದರೂ ರಾಜಿ ಮಾಡಿಕೊಳ್ಳುವುದೇ ಲೇಸೆಂಬ ಪಕ್ಷ ಅವರದು. ಇಂಗ್ಲೆಂಡು ಯುದ್ಧಕ್ಕೆ ಸಿದ್ಧವಾಗದೆ ಕುಳಿತದ್ದೇಕೆ ಎಂಬ ಪ್ರಶ್ನೆಯನ್ನೆತ್ತಿಕೊಂಡು ಮಗನು ಹಾರ್ವರ್ಡಿನಲ್ಲಿ ಪ್ರಬಂಧ ಬರೆದನು. ಅದು 1940ರಲ್ಲಿ ಪುಸ್ತಕವಾಗಿ ಹೊರಬಂದು ಚೆನ್ನಾಗಿ ಮಾರಾಟವಾಯಿತು. ಲೆಮ್‌ನ ಕಣ್ಣು ಮಂದವಾಗಿದ್ದುದರಿಂದ ಸೈನ್ಯವು ಅವನನ್ನು ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನೆ ಕೂರದೆ, ಗಾಯಾಳುಗಳನ್ನು ಸಾಗಿಸುವ ಸ್ವಯಂಸೇವಕ ದಳವನ್ನು ಸೇರಿ ಉತ್ತರ ಆಫ್ರಿಕದ ರಣರಂಗದಲ್ಲಿ ಆಂಬುಲೆನ್ಸ್ ನಡೆಸಿದನು. ಜಾಕನು ನೌಕಾಪಡೆಯನ್ನು ಸೇರಿದನು. 1943ರ ಆಗಸ್ಟಿನಲ್ಲಿ ಪೆಸಿಫಿಕ್ ಸಾಗರದಲ್ಲಿ ಜಪಾನಿ ಹಡಗೊಂದು ಅವನ ದೋಣಿಯನ್ನು ಎರಡಾಗಿ ಸೀಳಿದಾಗ ಈಜಿ ಬದುಕಿದನು. ಅವನ ಅಣ್ಣ ಜೋ ಮರುವರ್ಷ ವಿಮಾನದಲ್ಲಿ ಸಿಡಿದು ಸತ್ತನು.

ಕೆನೆಡಿಯವರು 1961ರ ಜನವರಿಯಲ್ಲಿ ಅಧ್ಯಕ್ಷಪದವಿಯನ್ನು ವಹಿಸಿಕೊಂಡ ಮೇಲೆ ಮಾಡಿದ ಮೊದಮೊದಲ ಕೆಲಸಗಳಲ್ಲಿ ಶಾಂತಿದಳದ ಸ್ಥಾಪನೆಯೂ ಒಂದು. ಅಮೆರಿಕದ ತರುಣರು ಪರದೇಶಗಳ ಹಳ್ಳಿಗಳಿಗೆ ಹೋಗಿ ಎರಡು ವರ್ಷ ಅಲ್ಲಿಯ ಜನರಂತೆಯೇ ಬದುಕಿ ದುಡಿಯಬೇಕೆಂಬುದು ಅದರ ನಿಯಮ. ಅದರ ಮೊದಲ ನಿರ್ದೇಶಕರಾದ ಸಾರ್ಜೆಂಟ್ ಶ್ರೈವರ್ ಅಧ್ಯಕ್ಷರ ತಂಗಿಯ ಗಂಡ. ಅವರೂ ವಿದ್ಯಾರ್ಥಿದೆಸೆಯಲ್ಲಿ, 1934ರ ಬೇಸಗೆಯಲ್ಲಿ, ಜರ್ಮನಿಯ ಒಂದು ಕುಟುಂಬದಲ್ಲಿ ಅತಿಥಿಯಾಗಿದ್ದು ಬಂದವರು. ಆಗಿನ ಮೈಸೂರು ರಾಜ್ಯದ ಹಳ್ಳಿಗಳಿಗೂ 1960ರ ದಶಕದಲ್ಲಿ ಶಾಂತಿದಳದ ಹುಡುಗರೂ ಹುಡುಗಿಯರೂ ಬಂದು, ಮುದ್ದೆ ನುಂಗುವುದನ್ನು ಕಲಿಯಲು ಹೆಣಗಿದ್ದನ್ನು ಕಂಡ ಹಿರಿಯರು ಈಗಲೂ ಅಲ್ಲಲ್ಲಿ ಇದ್ದಾರು.

ನಾಯಿಯ ಕೂದಲು ಅಧ್ಯಕ್ಷರಾದ ಮೇಲೂ ಅವರ ಮೈಗೆ ಒಗ್ಗಲಿಲ್ಲ. ಆದರೂ ಶ್ವೇತಭವನದಲ್ಲಿ ನಾಯಿಗಳಿಗೆ ಕೊರತೆಯಿರಲಿಲ್ಲ. ಬಾಹ್ಯಾಕಾಶಕ್ಕೆ ಹೋಗಿ ಬಂದ ಸ್ಟ್ರೆಲ್ಕಾ ಎಂಬ ನಾಯಿಯ ಮರಿ ಪುಶಿಂಕಾಳನ್ನು 1961ರಲ್ಲಿ ರಷ್ಯದ ಕ್ರುಶ್ಚೇವ್ ಕೆನೆಡಿ ಕುಟುಂಬಕ್ಕೆ ಉಡುಗೊರೆಯಾಗಿ ಕಳುಹಿಸಿದರು. ಜರ್ಮನಿಯ ಡಂಕರನಿಗಿಲ್ಲದ ಅಮೆರಿಕದ ಋಣವು ರಷ್ಯದ ಪುಶಿಂಕಾಳಿಗಿತ್ತು.

ಲೆಮ್ ಬಿಲಿಂಗ್ಸ್ ಜಾಹೀರಾತಿನ ವೃತ್ತಿಯಲ್ಲಿದ್ದರು, ಮದುವೆಯಾಗಲಿಲ್ಲ. ವಾರದ ಕೊನೆಯಲ್ಲಿ ಶ್ವೇತಭವನಕ್ಕೆ ಬಂದು ತಂಗುವುದು ಅವರ ರೂಢಿ. ಅಲ್ಲಿ ಅವರಿಗೆಂದೇ ಒಂದು ಕೊಠಡಿಯಿತ್ತು. ಅದಕ್ಕೆ ಬಾಡಿಗೆಯಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. 1963ರ ಜೂನ್ 26ರಂದು ಬರ್ಲಿನ್ನಿನಲ್ಲಿ ಲಕ್ಷಗಟ್ಟಲೆ ಜನ ಕೆನೆಡಿಯವರ ಭಾಷಣಕ್ಕೆ ಕಿವಿಗೊಟ್ಟರು. ಜುಲೈ ಮೊದಲ ದಿನಗಳಲ್ಲಿ ರೋಮಿನಲ್ಲಿಯೂ ನೇಪಲ್ಸಿನಲ್ಲಿಯೂ ಅವರ ಮೆರವಣಿಗೆ ನಡೆಯಿತು. ಹಮಾಲರ ಬೈಗುಳವಿಲ್ಲದೆ ಆ ಊರುಗಳನ್ನು ಬಿಟ್ಟು ಹೊರಟದ್ದು ಅದೇ ಮೊದಲಿರಬೇಕು. ಅದೇ ವರ್ಷದ ನವೆಂಬರ್ 22ರಂದು ಡಲ್ಲಾಸಿನಲ್ಲಿ ಗುಂಡು ಹಾರಿತು.

ಬಾಸ್ಟನ್ನಿನ ಕೆನೆಡಿ ಗ್ರಂಥಾಲಯದಲ್ಲಿ ಆ ಬೇಸಗೆಯ ದಿನಚರಿ ಇಂದಿಗೂ ಭದ್ರವಾಗಿದೆ. ಅಲ್ಲಿಯೇ ಲೆಮ್ ಬಿಲಿಂಗ್ಸರ ಮಾತುಗಳೂ ಇವೆ. ಗೆಳೆಯರ ಮರಣದ ನಂತರ ನೆನಪುಗಳನ್ನು ಸಂಗ್ರಹಿಸಲು ಬಂದವರ ಮುಂದೆ ಅವರು 1937ರ ಪ್ರವಾಸವನ್ನು ವಿಸ್ತಾರವಾಗಿ ಹೇಳಿಕೊಂಡರು. ಪೋಪರಾಗಲಿದ್ದವರ ಭೇಟಿ, ತಪ್ಪಿಹೋದ ಹಿಟ್ಲರನ ದರ್ಶನ ಎಲ್ಲವೂ ಆ ಮಾತುಗಳಲ್ಲಿ ಬಂದವು. ಜೊತೆಗೆ, ತನ್ನ ಬಳಿ ಹಣವಿರಲಿಲ್ಲವೆಂದು ಅಷ್ಟು ದೊಡ್ಡ ಮನೆಯ ಹುಡುಗನು ನಲವತ್ತು ಸೆಂಟಿನ ಕೊಠಡಿಗಳಲ್ಲಿ ಸಂತೋಷವಾಗಿಯೇ ಮಲಗಿದ್ದನೆಂಬುದೂ ಬಂದಿತು. ಕಾಲು ಶತಮಾನ ಕಳೆದಿದ್ದರೂ ಬಾಡಿಗೆಯ ಆ ಅಂಕೆಯನ್ನು ಅವರು ಮರೆತಿರಲಿಲ್ಲ.